ಇಪ್ಪತ್ತು ವಾಕ್ಯಗಳ ಪತ್ರ

ನೀರುಗಂಟಿಗೆ ಹೆದರಿಕೆ ಎಂಬುದು ಮೂಗು ಕಿವಿ ಬಂದ ಹಾಗೆ ಹುಟ್ಟಿನಿಂದಲೇ ಬಂದದ್ದು. ನಾಯಿಗೆ ಹೆದರುತ್ತಿದ್ದ, ಟೆಲಿಫೋನ್ ಗಂಟೆಗೆ ಹೆದರುತ್ತಿದ್ದ, ಮೇಜಿನ ಆಚೆ ಕೂತವರು ಯಾರೇ ಆಗಲಿ ಹೆದರುತ್ತಿದ್ದ. ಚಿಕ್ಕಂದಿನಲ್ಲಿ ಅಣ್ಣ ಗದರಿದಾಗ ಗಂಟಲಲ್ಲಿ ಸಿಕ್ಕಿಕೊಂಡ ಮಾತು ನಲವತ್ತಾರು ದಾಟಿದರೂ ಬಿಡಿಸಿಕೊಂಡು ಹೊರಗೆ ಬಂದಿರಲಿಲ್ಲ. 'ಸಾರ್' ಎನ್ನುವಷ್ಟರಲ್ಲಿ ತುಟಿ ನಾಲ್ಕು ಸಲ ಅದುರುತ್ತಿತ್ತು. ಜೊತೆಯ ಕೆಲಸದವರು ಪುಕ್ಕಲ ಎಂದು ಕರೆಯುತ್ತಿದ್ದರು, ಅದೂ ಎದುರಿಗೇ.

ಇಂಥವನ ಕೈಯಲ್ಲಿ ಅರ್ಧ ಊರಿನ ನೀರಿತ್ತು. ಊರಾಚೆಯ ನೀರು ಶುದ್ಧ ಮಾಡುವ ಘಟಕದಲ್ಲಿ ಅವನದು ದೊಡ್ಡ ವಾಲ್ವ್ ತಿರುಗಿಸುವ ಕೆಲಸ. ಕಬ್ಬಿಣದ ಚಕ್ರ, ಎರಡು ಕೈಗೂ ತುಂಬುವಷ್ಟು ಅಗಲ. ನಲವತ್ತೆರಡು ಸುತ್ತು ಎಡಕ್ಕೆ ತಿರುಗಿಸಿದರೆ ಊರಿನ ನಲ್ಲಿಗಳಲ್ಲಿ ನೀರು, ನಲವತ್ತೆರಡು ಸುತ್ತು ಬಲಕ್ಕೆ ತಿರುಗಿಸಿದರೆ ಬರೀ ಗಾಳಿ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಐದು ನಿಮಿಷ ತಡ ಮಾಡಿದವನಲ್ಲ. ಹೆದರುವವರನ್ನು ಕಂಡು ನಗುವವರಿಗೆ, ಲೋಕದ ಅರ್ಧ ಕೆಲಸ ಸರಿಯಾಗಿ ನಡೆಯುವುದು ಇಂಥವರಿಂದಲೇ ಎಂಬುದು ಮಾತ್ರ ಹೊಳೆಯುವುದಿಲ್ಲ.

ಅವನು ಎಸ್ಪೆರಾಂಟೊ ಕಲಿಯಲು ಹೋದ ಎಂದರೆ ಯಾರೂ ನಂಬುವುದಿಲ್ಲ. ಹೆಂಡತಿಯ ಅಲಾರಂ ಗಡಿಯಾರ ಕೆಟ್ಟಿತ್ತು. ರಿಪೇರಿಗೆಂದು ಒಂದು ಭಾನುವಾರ ಮಧ್ಯಾಹ್ನ ಪೇಟೆಯ ಗಡಿಯಾರದ ಅಂಗಡಿಗೆ ಹೋದರೆ, ಮುಂದಿನ ಬಾಗಿಲು ಅರ್ಧ ಮುಚ್ಚಿತ್ತು, ಹಿಂದಿನ ಕೋಣೆಯಲ್ಲಿ ನಾಲ್ಕು ಜನ ಮೇಜಿನ ಸುತ್ತ ಕೂತು ಯಾವುದೋ ಭಾಷೆಯಲ್ಲಿ ನಗುತ್ತಿದ್ದರು. ಅಂಗಡಿಯ ಯಜಮಾನರು, ಎಲ್ಲರ ಬಾಯಲ್ಲೂ ಮೇಷ್ಟ್ರು, ಕಣ್ಣಿನ ಭೂತಗನ್ನಡಿ ತೆಗೆದು ಇವನಿಗೆ ವಿವರಿಸಿದರು. ನೂರು ವರ್ಷಕ್ಕೂ ಹಿಂದೆ ಒಬ್ಬ ಪುಣ್ಯಾತ್ಮ ಕೂತು ಕಟ್ಟಿದ ಭಾಷೆಯಂತೆ. ಯಾವ ದೇಶದ್ದೂ ಅಲ್ಲವಂತೆ, ಹಾಗಾಗಿ ಎಲ್ಲರದೂ ಅಂತೆ. "ಕೂತ್ಕೊಳ್ಳಿ, ಕೇಳಿದ್ರೆ ಏನೂ ಹೋಗಲ್ಲ," ಎಂದರು. ಬೇಡ ಎನ್ನಲು ಹೆದರಿಕೆಯಾಗಿ ಕೂತ.

ಕೂತವನು ಏಳಲಿಲ್ಲ. ಏಕೆಂದರೆ ಮೂರನೆಯ ವಾರ ಒಂದು ವಿಚಿತ್ರ ಆಯಿತು. ಆ ಭಾಷೆಯಲ್ಲಿ ಅವನಿಗೆ ಉಗ್ಗು ಬರಲಿಲ್ಲ. ಒಂದು ಸಲವೂ ಬರಲಿಲ್ಲ. ಮನೆಗೆ ಬಂದು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಮತ್ತೆ ಹೇಳಿ ನೋಡಿದ, ಆಗಲೂ ಬರಲಿಲ್ಲ. ಯೋಚಿಸಿದರೆ ಕಾರಣ ಸರಳವಾಗಿತ್ತು: ಆ ಭಾಷೆಯಲ್ಲಿ ಅವನನ್ನು ಯಾರೂ ಎಂದೂ ಬೈದಿರಲಿಲ್ಲ. ಅಂದಿನಿಂದ ವಾಲ್ವ್ ತಿರುಗಿಸುವಾಗಲೂ ಆ ಭಾಷೆಯಲ್ಲೇ ಎಣಿಸತೊಡಗಿದ. ಉನು, ದು, ತ್ರಿ ಎಂದು ಶುರುವಾಗಿ ಕ್ವಾರ್ದೆಕ್ ದು ಎಂಬ ನಲವತ್ತೆರಡಕ್ಕೆ ನಿಲ್ಲುತ್ತಿತ್ತು.

ಕ್ಲಬ್ಬು ಅಂದರೆ ಅಷ್ಟೇ, ಒಟ್ಟು ಐದು ಜನ. ಮೇಷ್ಟ್ರು, ನಿವೃತ್ತಿಯಾದ ಟೈಪಿಸ್ಟ್ ಅಮ್ಮ, ಟಿಕೆಟ್ ಕೇಳುವ ಧ್ವನಿಯಲ್ಲೇ ಪಾಠ ಒಪ್ಪಿಸುವ ಬಸ್ ಕಂಡಕ್ಟರು, ಮಕ್ಕಳ ವಾರ್ಡಿನ ನರ್ಸಕ್ಕ, ಕೊನೆಗೆ ಸೇರಿದ ಇವನು. ಭಾನುವಾರ ಮೂರರಿಂದ ಐದು. ಗೋಡೆಯ ಮೇಲೆ ರಿಪೇರಿಗೆ ಬಂದ ಗಡಿಯಾರಗಳು ತಮಗೆ ತೋಚಿದ ಹೊತ್ತು ತೋರಿಸುತ್ತಿದ್ದವು. ಯಾರಿಗಾದರೂ ಹೊರದೇಶದಿಂದ ಪತ್ರ ಬಂದರೆ ಅದನ್ನು ಮೇಜಿನ ಸುತ್ತ ದಾಟಿಸುತ್ತ, ಒಬ್ಬೊಬ್ಬರು ಒಂದೊಂದು ವಾಕ್ಯ ಓದಿ ಅರ್ಥ ಹೇಳಬೇಕು. ಅರ್ಥ ತಪ್ಪಿದರೆ ಮೇಷ್ಟ್ರು ತಮ್ಮ ಚಿಮಟದಿಂದ ಮೇಜಿಗೆ ಟಕ್ ಎಂದು ಕುಟ್ಟುತ್ತಿದ್ದರು. ಬೈಗುಳವಿಲ್ಲ, ಬರೀ ಟಕ್. ಐದು ವರ್ಷದಿಂದ ಅವರು ಒಂದು ತಪ್ಪನ್ನೂ ಬಿಟ್ಟವರಲ್ಲ ಎಂದು ಕಂಡಕ್ಟರು ಹೇಳುತ್ತಿದ್ದ.

ಹೊಸಬರು ನಾಲ್ಕನೆಯ ತಿಂಗಳಿಗೆ ಪರದೇಶದ ಒಬ್ಬ ಗೆಳೆಯರಿಗೆ ಮೊದಲ ಪತ್ರ ಬರೆಯುವುದು ಅಲ್ಲಿಯ ಪದ್ಧತಿ. ಇಪ್ಪತ್ತು ವಾಕ್ಯ. ವಿಷಯ ಎಲ್ಲರಿಗೂ ಒಂದೇ, 'ನಾನು ಕೆಲಸ ಮಾಡುವ ಜಾಗ: ಯಾವುದು ಎಲ್ಲಿದೆ'. ಬರೆದದ್ದನ್ನು ಮೇಷ್ಟ್ರು ತಿದ್ದುತ್ತಿದ್ದರು, ಟೈಪಿಸ್ಟ್ ಅಮ್ಮ ನೀಟಾಗಿ ಟೈಪ್ ಮಾಡುತ್ತಿದ್ದರು, ಕೆಳಗೆ ಕ್ಲಬ್ಬಿನ ಹೆಸರು ಹಾಕಿ ಅಂಗಡಿಯ ವಿಳಾಸದಿಂದ ಅಂಚೆಗೆ ಹಾಕುತ್ತಿದ್ದರು. ಇವನ ಕ್ಲಬ್ಬಿನ ಹೆಸರು 'ಗೂತೊ', ಅಂದರೆ ಹನಿ.

ನೀರುಗಂಟಿ ಆ ಪತ್ರಕ್ಕೆ ಹದಿನೈದು ದಿನ ಬೆವರು ಸುರಿಸಿದ. ಅವನಿಗೆ ಆಗ ಗೊತ್ತಿದ್ದದ್ದು ಬಾಗಿಲು, ಮೊಳೆ, ಮರ, ಕೆಳಗೆ, ಹಿಂದೆ, ಪಕ್ಕಕ್ಕೆ ಇಂಥ ಪದಗಳು. ಆಸೆ, ಬೇಸರ, ಆಕಾಶ ಇನ್ನೂ ಪಾಠಕ್ಕೆ ಬಂದಿರಲಿಲ್ಲ. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಬರೆದ. ತೊಟ್ಟಿಗಳು 4. ಕಾವಲುಗಾರ 2ರಿಂದ 4ರವರೆಗೆ ಮರದ ಕೆಳಗೆ ಮಲಗುತ್ತಾನೆ. ಕಾವಲುಗಾರ 2ರಿಂದ 4ರವರೆಗೆ ಮರದ ಕೆಳಗೆ ಮಲಗುತ್ತಾನೆ. ಕೋಣೆಯ ಕೀ ಪಂಪಿನ ಮನೆಯ ಬಾಗಿಲ ಹಿಂದೆ ಮೊಳೆಯಲ್ಲಿದೆ. ಇಪ್ಪತ್ತನೆಯ ವಾಕ್ಯಕ್ಕೆ ಬಂದಾಗ ಪದಗಳೆಲ್ಲ ಮುಗಿದಿದ್ದವು. ನಿಘಂಟು ನೋಡಿ, ಯಾರಿಗೂ ಹೇಳದ ಒಂದು ಮಾತು ಬರೆದ.

ಆ ಮಾತಿನ ಹಿಂದೆ ಒಂದು ಕಥೆಯಿತ್ತು. ಕ್ಲೋರಿನ್ ಕೋಣೆಗೆ ಎರಡು ಕೀ ಇದ್ದವು, ಒಂದು ಕಳೆದು ಎರಡು ವರ್ಷ. ಎಲ್ಲ ಪಾಳಿಯವರಿಗೂ ಸಿಗಲಿ ಎಂದು ಉಳಿದದ್ದನ್ನು ಮೊಳೆಗೆ ತೂಗುಹಾಕಿದ್ದರು. ಕೋಣೆಯೊಳಗಿನ ಕ್ಲೋರಿನ್ ಗಾಳಿ ಹೊರಗೆ ಬಂದರೆ ಪಕ್ಕದ ಓಣಿ ಉಸಿರಾಡುವುದಿಲ್ಲ. ಅದೇ ನೀರಿಗೆ ಅಳತೆ ಮೀರಿ ಹೋದರೆ ಊರು ಉಳಿಯುವುದಿಲ್ಲ. ಇನ್ನೊಂದು ಕೀ ಮಾಡಿಸಿ, ಇದನ್ನು ಮೊಳೆಯಿಂದ ತೆಗೆಸಿ ಎಂದು ಅವನು ಎಂಜಿನಿಯರ್ ಎದುರು ಮೂರು ಸಲ ಉಗ್ಗಿದ್ದ. ಮೂರು ಸಲವೂ ಅವರು ತಲೆಯೆತ್ತದೆ, "ಬರೆದು ಕೊಡಿ," ಎಂದಿದ್ದರು. ಬರೆದು ಸಹಿ ಹಾಕುವ ಧೈರ್ಯ ಇವನಿಗೆಲ್ಲಿಂದ ಬರಬೇಕು!

ಪತ್ರ ಹೋಗಿ ತಿಂಗಳಾಗಿತ್ತು. ಆಗ ದೂರದ ಯಾವುದೋ ಊರಿನಲ್ಲಿ ಯಾರೋ ಕುಡಿಯುವ ನೀರಿಗೆ ಏನೋ ಬೆರೆಸಿದರಂತೆ ಎಂಬ ಸುದ್ದಿ ಹಬ್ಬಿತು. ಮಾರನೆಯ ದಿನ ಎಂಜಿನಿಯರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಸುತ್ತೋಲೆ ಓದಿದರು. ಘಟಕದ ಒಳಗಿನ ವಿಷಯ ಹೊರಗೆ ಹೇಳಿದವರಿಗೆ ಕೆಲಸದಿಂದ ವಜಾ, ಎಂಟು ದಿನದಲ್ಲಿ ಕ್ವಾರ್ಟರ್ಸ್ ಖಾಲಿ, ಜೊತೆಗೆ ಪೊಲೀಸು. "ಬಾಯಿ ಬಿಟ್ಟೀರಿ, ಜೋಕೆ," ಎಂದರು. ಎಲ್ಲರೂ ಪುಕ್ಕಲನ ಕಡೆ ನೋಡಿ ನಕ್ಕರು. ಇವನು ಬಾಯಿ ಬಿಡುವುದುಂಟೇ!

ನೀರುಗಂಟಿಯ ಕಣ್ಣ ಮುಂದೆ ಇಪ್ಪತ್ತು ವಾಕ್ಯಗಳೂ ಒಂದರ ಹಿಂದೊಂದು ಬಂದವು. ಕಳ್ಳನಿಗೆ ದಾರಿ ತೋರಿಸಲು ಇದಕ್ಕಿಂತ ಚೆನ್ನಾಗಿ ಯಾರೂ ಬರೆಯಲಾರರು. ಅದೂ ಕಾಗುಣಿತದ ತಪ್ಪಿಲ್ಲದೆ, ಮೇಷ್ಟ್ರು ತಿದ್ದಿ ಕೊಟ್ಟದ್ದು!

ಮನೆಗೆ ಬಂದರೆ ಅನ್ನ ತಟ್ಟೆಯಲ್ಲೇ ಉಳಿಯಿತು. "ಏನ್ರೀ, ಹಲ್ಲು ನೋವಾ?" ಎಂದು ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯೆತ್ತಿ ಕೇಳಿದಳು. ಹೌದೆಂದ. ಅವಳು ಲವಂಗ ಕೊಟ್ಟಳು, ಅಗಿದ. ಹನ್ನೊಂದು ವರ್ಷದಿಂದ ಇದ್ದ ಎರಡು ಕೋಣೆ; ಗೋಡೆಯ ಮೇಲೆ ಅವಳೇ ಗುರುತು ಹಾಕಿ ಹೊಡೆಸಿದ ಮರದ ಹಲಗೆ, ಅದರ ಮೇಲೆ ಅವಳ ದಾರದ ಉಂಡೆಗಳು. ಎಂಟು ದಿನದಲ್ಲಿ ಇವನ್ನೆಲ್ಲ ಎಲ್ಲಿಗೆ ಒಯ್ಯುವುದು ಎಂದು ಲೆಕ್ಕ ಹಾಕುತ್ತ ಕೂತ. ಅವಳಿಗೆ ಹೇಳುವ ಧೈರ್ಯವೂ ಬರಲಿಲ್ಲ.

ಆ ಭಾನುವಾರ ಕ್ಲಬ್ಬಿಗೆ ಹೋಗಬಾರದೆಂದು ಹೊರಟವನನ್ನು ಕಾಲುಗಳು ಅಲ್ಲಿಗೇ ಕರೆದೊಯ್ದವು. ಹೋಗದಿದ್ದರೆ ಅನುಮಾನ ಬರುತ್ತದೆ ಎಂಬ ಇನ್ನೊಂದು ಹೆದರಿಕೆ. ಎಲ್ಲರೂ ಕೂತು ಹತ್ತು ನಿಮಿಷವಾಗಿರಬೇಕು, ಅರ್ಧ ಮುಚ್ಚಿದ ಬಾಗಿಲನ್ನು ಯಾರೋ ಪೂರ್ತಿ ತೆರೆದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಚರ್ಮದ ಚೀಲ. ಬಂದವರು ಗುರುತಿನ ಚೀಟಿ ತೋರಿಸಿದರು. ಭದ್ರತಾ ವಿಭಾಗದ ಅಧಿಕಾರಿ.

ಚೀಲದಿಂದ ತೆಗೆದು ಮೇಜಿನ ಮೇಲಿಟ್ಟದ್ದು ಅದೇ ಪತ್ರ. ವಿಳಾಸದಾರರು ಮನೆ ಬದಲಿಸಿದ್ದರಿಂದ ವಾಪಸು ಬಂದಿತ್ತು. ಅರ್ಥವಾಗದ ಭಾಷೆ, ನಡುನಡುವೆ ಅಂಕಿಗಳು. ಒಡೆದು ನೋಡಿದ ಅಂಚೆಯವರು ಅನುಮಾನದಿಂದ ಭದ್ರತಾ ವಿಭಾಗಕ್ಕೆ ಕಳಿಸಿದ್ದರು.

"ಈ ಗೂತೊ ಅನ್ನೋರು ಯಾರು?" ಎಂದರು ಅಧಿಕಾರಿ.

ನೀರುಗಂಟಿ ಏಳಬೇಕೆಂದುಕೊಂಡ. ಅಷ್ಟರಲ್ಲಿ ಮೇಷ್ಟ್ರು, "ನಾನೇ ಸಾರ್," ಎಂದುಬಿಟ್ಟರು. "ಪಾಠಕ್ಕೆ ಅಂತ ಬರೆದದ್ದು. ಹೀಗೇ ಹೆಸರು ಹಾಕ್ಕೊಳ್ತೀವಿ."

"ಏನು ಬರೆದಿದ್ದೀರಿ? ಓದಿ, ಅರ್ಥ ಹೇಳಿ. ನೀವೊಬ್ಬರೇ ಬೇಡ, ಎಲ್ಲರೂ ಹೇಳಲಿ."

"ನಮ್ಮಲ್ಲಿ ಪದ್ಧತಿಯೇ ಹಾಗೆ ಸಾರ್. ಒಬ್ಬರಿಗೆ ಒಂದು ವಾಕ್ಯ." ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. ಮೊದಲ ವಾಕ್ಯ 'ನಾನು ನೀರಿನ ಘಟಕದಲ್ಲಿ ಕೆಲಸ ಮಾಡುತ್ತೇನೆ' ಎಂದಿತ್ತು. ಅವರು ಅದನ್ನು ಗಟ್ಟಿಯಾಗಿ ಓದಿ, ಅಷ್ಟೇ ಗಟ್ಟಿಯಾಗಿ ಹೇಳಿದರು: "ನಮ್ಮ ಮನೆಗೆ ಒಂದು ದೊಡ್ಡ ಹಿತ್ತಲಿದೆ."

ಐದು ವರ್ಷ ಒಂದು ತಪ್ಪನ್ನೂ ಬಿಡದ ಮನುಷ್ಯ ಹಾಡುಹಗಲೇ ಸುಳ್ಳು ಅರ್ಥ ಹೇಳಿದ್ದರು. ಮೇಷ್ಟ್ರು ಯಾರನ್ನು ಕಾಯಲು ಹೀಗೆ ಹೇಳಿದರು ಎಂಬುದು ಉಳಿದ ಮೂವರಿಗೂ ಆ ಕ್ಷಣಕ್ಕೇ ಹೊಳೆದಿರಬೇಕು. ಟೈಪಿಸ್ಟ್ ಅಮ್ಮ ಪತ್ರ ಎಳೆದುಕೊಂಡು, ತಾವೇ ಟೈಪ್ ಮಾಡಿದ ಸಾಲಿನ ಮೇಲೆ ಬೆರಳಿಟ್ಟು, ನಾಲ್ಕು ತೊಟ್ಟಿಗಳನ್ನು ನಾಲ್ಕು ಮರಗಳನ್ನಾಗಿ ಮಾಡಿದರು. ಕಂಡಕ್ಟರು ಕಾವಲುಗಾರನನ್ನು ಮಾವನನ್ನಾಗಿ ಮಾಡಿದ: "ಎರಡರಿಂದ ನಾಲ್ಕರವರೆಗೆ ಮಾವ ಮರದ ಕೆಳಗೆ ಮಲಗ್ತಾರೆ. ಭಾರೀ ಗೊರಕೆ." ಗೊರಕೆ ಪತ್ರದಲ್ಲಿರಲಿಲ್ಲ. ನರ್ಸಕ್ಕನ ಪಾಲಿಗೆ ಸಿಲಿಂಡರ್ ಬಂದವು. "ಹದಿನಾರು ಹೂವಿನ ಕುಂಡ ಇದೆ," ಎಂದಳು.

ಪತ್ರ ಇವನ ಮುಂದೆ ಬಂತು. ಕೀಯ ವಾಕ್ಯ. ಸುಳ್ಳು ಕಟ್ಟುವುದಕ್ಕೂ ಒಂದು ಧೈರ್ಯ ಬೇಕು, ಅದು ಅವನಲ್ಲಿರಲಿಲ್ಲ. "ಬಾ... ಬಾಗಿಲ ಹಿಂದೆ, ಮೊ... ಮೊಳೆಯಲ್ಲಿ ಕೀ ಇದೆ," ಎಂದ. ಇದ್ದದ್ದೇ ಅದು. ಅಧಿಕಾರಿ ಅವನ ಮುಖವನ್ನೇ ನೋಡಿದರು. ಪತ್ರ ಮತ್ತೆ ಮೇಷ್ಟ್ರ ಕಡೆ ಹೋಯಿತು.

ಹೀಗೆ ನಾಲ್ಕು ಸುತ್ತು. ಪ್ರತಿ ಸುತ್ತಿನಲ್ಲೂ ಇವನು ನಿಜವನ್ನೇ ಹೇಳಿದ, ಉಳಿದವರು ಅದರ ಸುತ್ತ ಮನೆ ಕಟ್ಟಿದರು. ಚಿಮಟ ಮೇಷ್ಟ್ರ ಕೈಯಲ್ಲೇ ಇತ್ತು, ಒಂದು ಸಲವೂ ಟಕ್ ಎನ್ನಲಿಲ್ಲ. ಆ ಮೌನಕ್ಕೆ ಹೆದರಿದಷ್ಟು ನೀರುಗಂಟಿ ಜೀವನದಲ್ಲಿ ಯಾವುದಕ್ಕೂ ಹೆದರಿರಲಿಲ್ಲ. ಸಿಕ್ಕಿಬಿದ್ದರೆ ಈಗ ಒಬ್ಬನಲ್ಲ, ಐವರು.

ಇಪ್ಪತ್ತನೆಯ ವಾಕ್ಯ ಅವನದೇ ಪಾಲಿಗೆ ಬಂತು. ಓದುವಾಗ ಉಗ್ಗಲಿಲ್ಲ. ಅರ್ಥ ಹೇಳುವಾಗ ತುಟಿ ಅದುರಿತು: "ಕೀ ವಿಷಯ ಮೂ... ಮೂರು ಸಲ ಹೇಳಿದೆ, ಯಾರೂ ಕೇಳಲಿಲ್ಲ, ನನಗೆ ಭ... ಭಯವಾಗುತ್ತೆ."

ಅಧಿಕಾರಿ ನಕ್ಕುಬಿಟ್ಟರು. "ನಮ್ಮ ಮನೇಲೂ ಇದೇ ಗೋಳು. ನಾನು ಹೇಳಿದ್ದನ್ನ ಯಾರು ಕೇಳ್ತಾರೆ!" ಪತ್ರವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು. "ಏನೂ ಇಲ್ಲ ಅಂತ ಬರೆದು ಫೈಲ್ ಮುಗಿಸ್ತೀನಿ," ಎಂದು ಎದ್ದು ಹೋದರು.

ಟೈಪಿಸ್ಟ್ ಅಮ್ಮ ನೀರು ಕುಡಿಯಲು ಹೋಗಿ ಅರ್ಧ ಲೋಟ ಸೀರೆಯ ಮೇಲೆ ಚೆಲ್ಲಿಕೊಂಡರು. ಕಂಡಕ್ಟರು, "ನಮ್ಮ ಮಾವಂಗೆ ಹೇಳ್ಬೇಡಿ, ಗೊರಕೆ ಅಂದ್ರೆ ಸಿಟ್ಟು," ಎಂದ. ಯಾರೂ ನಗಲಿಲ್ಲ. ನೀರುಗಂಟಿ ಎಲ್ಲರಿಗೂ ಕೈಮುಗಿದ.

ನರ್ಸಕ್ಕ ಮಾತ್ರ ಅವನನ್ನೇ ನೋಡುತ್ತಿದ್ದಳು. "ಆ ಕೀ ಈಗಲೂ ಅಲ್ಲೇ ಇದೆಯಾ?"

"ಇದೆ ಅಕ್ಕಾ."

"ಹದಿನಾರು ಸಿಲಿಂಡರ್ ಇಟ್ಟಿರೋ ಕೋಣೆ ಕೀ? ಇವತ್ತೂ?" ಅವಳ ಧ್ವನಿ ಸಣ್ಣದಾಯಿತು. "ನನ್ನ ವಾರ್ಡಲ್ಲಿ ಮೂವತ್ತು ಮಕ್ಕಳಿವೆ. ಅದೇ ನೀರು ಕುಡಿಯೋದು."

ಅವನ ಪಾಳಿ ಆರಕ್ಕೆ. ಐದಕ್ಕೇ ಅಲ್ಲಿದ್ದ, ಓಡುತ್ತಲೇ ಬಂದಿದ್ದ. ಹಗಲು ಕಾವಲುಗಾರ ಆರರವರೆಗೂ ಇರಬೇಕು; ಗೇಟಿನಲ್ಲಿ ಇಲ್ಲ, ಮರದ ಕೆಳಗೆ ಚಾಪೆಯಷ್ಟೇ ಇತ್ತು. ಪಂಪಿನ ಮನೆಗೆ ಹೋದ. ಬಾಗಿಲ ಹಿಂದೆ ಕೈ ಹಾಕಿದ. ಬೆರಳಿಗೆ ಸಿಕ್ಕಿದ್ದು ಬರೀ ಮೊಳೆ.

ಕೀ ಇರಲಿಲ್ಲ. ನೆಲದ ಮೇಲೆ ಹುಡುಕಿದ, ಕಿಟಕಿಯ ಕಟ್ಟೆ ಹುಡುಕಿದ. ಕ್ಲೋರಿನ್ ಕೋಣೆಗೆ ಹೋಗಿ ಬಾಗಿಲಿಗೆ ಕಿವಿಯಿಟ್ಟ. ಬೀಗ ಹಾಕಿತ್ತು, ಒಳಗೆ ಸದ್ದಿಲ್ಲ. ಯಾರೋ ಒಳಹೊಕ್ಕು ಕೆಲಸ ಮುಗಿಸಿ ಬೀಗ ಹಾಕಿಕೊಂಡು ಹೋದರೇ? ಯಾವಾಗ? ಈಗಾಗಲೇ ಎಷ್ಟು ನೀರು ಊರಿಗೆ ಹೋಗಿದೆ? ಅವನು ಬರೆದ ವಾಕ್ಯಗಳು ಒಂದೊಂದಾಗಿ ಸುಳ್ಳಾಗುತ್ತಿದ್ದವು, ಯಾರೋ ಪತ್ರವನ್ನು ಕೈಯಲ್ಲಿ ಹಿಡಿದೇ ಬಂದು ಹೋದ ಹಾಗೆ.

ಸುಮ್ಮನಿದ್ದರೆ ಅವನು ಕ್ಷೇಮ. ಫೈಲ್ ಮುಗಿದಿತ್ತು, ಮನೆ ಉಳಿದಿತ್ತು, ಹೆಂಡತಿಗೆ ಏನೂ ಗೊತ್ತಾಗದೇ ದಿನ ಕಳೆಯುತ್ತಿತ್ತು. ಅವನು ಚಕ್ರಕ್ಕೆ ಕೈ ಹಾಕಿದ. ಉನು, ದು, ತ್ರಿ. ಬಲಕ್ಕೆ. ಕ್ವಾರ್ದೆಕ್ ದು ಬರುವಷ್ಟರಲ್ಲಿ ತೋಳು ಸೋತುಹೋಗಿತ್ತು, ಅರ್ಧ ಊರಿನ ನಲ್ಲಿಗಳು ಒಣಗಿದ್ದವು. ಆಮೇಲೆ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ತಾನಾಗಿ ಟೆಲಿಫೋನ್ ಎತ್ತಿ, ಎಂಜಿನಿಯರ್ ಮನೆಗೆ ಫೋನ್ ಮಾಡಿದ. "ಕೀ ಇಲ್ಲ ಸಾರ್. ನೀ... ನೀರು ನಿಲ್ಲಿಸಿದ್ದೀನಿ," ಎಂದ.

ಎಂಜಿನಿಯರ್ ಬಂದರು. ಸುತ್ತೋಲೆಯ ಪ್ರಕಾರ ಭದ್ರತಾ ವಿಭಾಗಕ್ಕೆ ತಿಳಿಸಲೇಬೇಕಾಗಿದ್ದರಿಂದ ಅವರ ಹಿಂದೆಯೇ ಚರ್ಮದ ಚೀಲದ ಅಧಿಕಾರಿಯೂ ಬಂದರು. ಅವರಿಬ್ಬರ ಹಿಂದೆ, ಚಹಾ ಕುಡಿದು ಬಾಯಿ ಒರೆಸಿಕೊಳ್ಳುತ್ತ ಕಾವಲುಗಾರ. ಗಲಾಟೆ ಏನೆಂದು ತಿಳಿದ ಕೂಡಲೇ ಅವನು ಅಂಗಿಯೊಳಗಿಂದ ಒಂದು ದಾರ ಎಳೆದ. ದಾರದ ತುದಿಗೆ ಕೀ.

"ಸುತ್ತೋಲೆ ಓದಿದ ದಿನದಿಂದ ಹೆದರಿಕೆ ಸಾರ್. ಮೊಳೇಲಿ ಬಿಟ್ಟು ಚಹಾಕ್ಕೆ ಹೋಗೋಕೆ ಮನಸ್ಸಾಗ್ಲಿಲ್ಲ. ಕುತ್ತಿಗೆಗೆ ಹಾಕ್ಕೊಂಡೆ," ಎಂದ.

ಕೋಣೆ ತೆಗೆಸಿ ನೋಡಿದರು. ಹದಿನಾರೂ ಇದ್ದಲ್ಲೇ ಇದ್ದವು. ಎಂಜಿನಿಯರ್ ಕೆಂಪಗಾದರು. "ಏನೂ ಆಗಿಲ್ಲ! ಏನೂ ಆಗದೇ ಅರ್ಧ ಊರಿನ ನೀರು ನಿಲ್ಲಿಸಿದ್ದೀಯಲ್ಲ, ಪುಕ್ಕಲ!"

ಅಧಿಕಾರಿ ಅವರನ್ನು ಕೈಸನ್ನೆಯಿಂದ ತಡೆದರು. ನೀರುಗಂಟಿಯ ಮುಖವನ್ನು ಎಲ್ಲೋ ನೋಡಿದ ಹಾಗೆ ದಿಟ್ಟಿಸಿದರು. "ಕೀ ಎಲ್ಲಿ ಇರ್ತಿತ್ತು?"

"ಬಾ... ಬಾಗಿಲ ಹಿಂದೆ, ಮೊ... ಮೊಳೆಯಲ್ಲಿ."

ಹೇಳಿ ಮುಗಿಸುವಷ್ಟರಲ್ಲೇ ಅವನಿಗೆ ತಿಳಿಯಿತು. ಅದೇ ಮಾತು, ಅದೇ ಉಗ್ಗು, ಎರಡು ಗಂಟೆಯ ಹಿಂದೆ ಅವರು ಕೇಳಿದ್ದರು. ಅಧಿಕಾರಿ ಚೀಲ ತೆರೆದು ಪತ್ರ ಹೊರತೆಗೆದರು.

"ಇನ್ನೊಂದು ಸಲ ಓದಿ. ಈ ಸಲ ನೀವೊಬ್ಬರೇ."

ಅವನು ಓದಿದ. ಮರಗಳು ಮತ್ತೆ ತೊಟ್ಟಿಗಳಾದವು, ಮಾವ ಮತ್ತೆ ಕಾವಲುಗಾರನಾದ, ಹೂವಿನ ಕುಂಡಗಳೆಲ್ಲ ಸಿಲಿಂಡರ್ ಆಗಿ ಎದುರಿಗೇ ನಿಂತಿದ್ದವು. ಪ್ರತಿ ವಾಕ್ಯಕ್ಕೂ ಅವನು ತನ್ನ ಮನೆಯ ಒಂದೊಂದು ಸಾಮಾನನ್ನು ಹೊರಗೆ ಎತ್ತಿಡುತ್ತಿದ್ದಂತೆ ಅನಿಸಿತು.

"ಆ ನಾಲ್ಕು ಜನ ನನ್ನ ಎದುರು ಕೂತು ಸುಳ್ಳು ಹೇಳಿದ್ರು," ಎಂದರು ಅಧಿಕಾರಿ.

"ಅವರು ನನ್ನ ಪಕ್ಕದಲ್ಲಿ ಕೂತಿದ್ರು ಸಾರ್. ಅವರ ತ... ತಪ್ಪು ಅಷ್ಟೇ. ಬರೆದೋನು ನಾನು."

"ಕೊನೆಯದು?"

ಕೊನೆಯದು ಬದಲಾಗಲಿಲ್ಲ. "ಕೀ ವಿಷಯ ಮೂರು ಸಲ ಹೇಳಿದೆ, ಯಾರೂ ಕೇಳಲಿಲ್ಲ, ನನಗೆ ಭಯವಾಗುತ್ತೆ."

ಈ ಸಲ ಅಧಿಕಾರಿ ನಗಲಿಲ್ಲ. ಎಂಜಿನಿಯರ್ ಕಡೆ ತಿರುಗಿದರು. "ಮೂರು ಸಲ ಹೇಳಿದ್ರಾ?"

"ಹೇಳಿರಬಹುದು ಸಾರ್. ಆದ್ರೆ ಬ... ಬರೆದು ಕೊಟ್ಟಿರಲಿಲ್ಲ," ಎಂದರು ಎಂಜಿನಿಯರ್.

ಅಧಿಕಾರಿ ಕೈಯಲ್ಲಿದ್ದ ಕಾಗದವನ್ನು ನೋಡಿದರು. ಅದನ್ನು ಮಡಿಸಲೂ ಇಲ್ಲ, ಚೀಲಕ್ಕೆ ಹಾಕಲೂ ಇಲ್ಲ. ನೀರುಗಂಟಿಗೆ ಹೇಳಿದರು: "ಮೊದಲು ಊರಿಗೆ ನೀರು ಬಿಡಿ. ಆಮೇಲೆ ನೀವು, ಎಂಜಿನಿಯರು, ಇಬ್ಬರೂ ನನ್ನ ಜೊತೆ ಬನ್ನಿ."

ಅವನು ಚಕ್ರ ಹಿಡಿದ. ಉನು, ದು, ತ್ರಿ. ಎಂದೂ ಇಲ್ಲದಷ್ಟು ನಿಧಾನಕ್ಕೆ ಎಣಿಸಿದ. ಮೂವತ್ತು ದಾಟುವಾಗ ಕೊಳವೆಯಲ್ಲಿ ನೀರು ಗುಡುಗಿತು. ಈಗ ನರ್ಸಕ್ಕನ ವಾರ್ಡಿನ ನಲ್ಲಿ ಕೆಮ್ಮಿ, ಗಾಳಿ ಉಗುಳಿ, ನೀರು ಬಿಟ್ಟಿರುತ್ತದೆ. ಕ್ವಾರ್ದೆಕ್ ದು ಎಂದ ಮೇಲೂ ಅವನು ಚಕ್ರದಿಂದ ಕೈ ತೆಗೆಯಲಿಲ್ಲ. ಅಧಿಕಾರಿ ಬಾಗಿಲಲ್ಲಿ ಕಾಯುತ್ತಿದ್ದರು.